ಸಿಗ್ನಲ್ಲಪ್ಪನ ಬೆನ್ನು

ಹುಟ್ಟಿದಾಗ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಬೀದಿಯವರ ಬಾಯಲ್ಲಿ ಅವನು ಸಿಗ್ನಲ್ಲಪ್ಪ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ. ಆಮೇಲೆ ಮನೆ ಮನೆಯ ಮಾಳಿಗೆ ಹತ್ತಿ ಟೀವಿ ಆಂಟೆನಾ ತಿರುಗಿಸುತ್ತ, "ಈಗ ಬಂತಾ? ಈಗ?" ಎಂದು ಕೆಳಗಿನವರನ್ನು ಕೂಗಿ ಕೇಳುತ್ತ ಹತ್ತು ವರ್ಷ ಕಳೆದ. ಆಂಟೆನಾ ಹೋಗಿ ಕೇಬಲ್ ಬಂತು, ಕೇಬಲ್ ಹೋಗಿ ಡಿಶ್ ಬಂತು, ಕಡೆಗೆ ಮನೆಗೊಂದು ವೈಫೈ ರೂಟರ್ ಬಂತು. ಪ್ರತಿ ಸಲವೂ ಅವನ ಹೆಂಡತಿ "ಇನ್ನು ಇವರ ಕೆಲಸ ಮುಗೀತು" ಎಂದು ಹಣೆ ಚಚ್ಚಿಕೊಂಡಳು. ಪ್ರತಿ ಸಲವೂ ಅವನು ಕಣ್ಣಿಗೆ ಕನ್ನಡಕ ಏರಿಸಿ ಹೊಸ ವಿದ್ಯೆ ಕಲಿತು ಅವಳ ಮಾತು ಸುಳ್ಳು ಮಾಡಿದ. ಐವತ್ತೆಂಟರ ವಯಸ್ಸಿಗೆ ಹೆಗಲ ಮೇಲೊಂದು ಚೀಲ, ಚೀಲದಲ್ಲಿ ಕೇಬಲ್ ಸುರುಳಿ, ಅಂಗಿಯ ಜೇಬಿನಲ್ಲಿ ರೂಟರಿನ ಹಿಂದಿನ ಸಣ್ಣ ತೂತಿಗೆ ಚುಚ್ಚುವ ಒಂದು ಪಿನ್ನು. ಅದೇ ಅವನ ಆಸ್ತಿ.

ಡಬ್ಬಿ ಗೋಡೆಗೆ ಹೊಡೆದು ದೀಪ ಉರಿಸಿ ಹೊರಟುಬಿಡುವ ಹುಡುಗರು ಬೇಕಾದಷ್ಟಿದ್ದರು. ಸಿಗ್ನಲ್ಲಪ್ಪ ಹಾಗಲ್ಲ. ಕೂತು ಸೆಟ್ಟಿಂಗ್ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ಮಾಡುವಾಗ ಉಪದೇಶವನ್ನೂ ಮಾಡುತ್ತಿದ್ದ. "ನೋಡಿ, ಇದಕ್ಕೆ ಎರಡು ಪಾಸ್‌ವರ್ಡ್. ಒಂದು ಬಾಗಿಲಿನ ಕೀಲಿ, ಮನೆಯವರಿಗೆಲ್ಲ ಕೊಡ್ತೀರಿ. ಇನ್ನೊಂದು ಒಳಗಿನ ಸೆಟ್ಟಿಂಗ್ ಬದಲಿಸೋಕೆ, ಕೀಲಿ ಮಾಡುವವನ ಅಂಗಡಿಯ ಕೀಲಿ. ಅದು ಯಾರ ಕೈಲಿದ್ಯೋ ಅವನೇ ಈ ಮನೆ ಯಜಮಾನ. ಕಂಪನಿಯವರು ಹಾಕಿ ಕಳಿಸಿದ್ದನ್ನೇ ಇಟ್ಕೊಂಡ್ರೆ ಬಾಗಿಲು ಹಾಕಿ ಕೀಲಿಕೈ ಮೆಟ್ಟಿಲ ಮೇಲೆ ಇಟ್ಟ ಹಾಗೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನ ಇಲ್ಲ." ನೆಂಟರು ಬಂದರೆ ಅವರಿಗೆ ಬೇರೆ ಹೆಸರಿನ ವೈಫೈ, ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಸೇರಿಕೊಳ್ಳುವ ಸೌಕರ್ಯ ಬಂದ್, ವರ್ಷಕ್ಕೆರಡು ಸಲ ಪಾಸ್‌ವರ್ಡ್ ಬದಲು. ಕೇಳಿ ಕೇಳಿ ಜನ ಆಕಳಿಸುತ್ತಿದ್ದರು, ಆದರೂ ಅವನನ್ನೇ ಕರೆಯುತ್ತಿದ್ದರು.

ಕರೆಯಲು ಕಾರಣ ಅವನ ಬೆನ್ನು. ಆ ಎರಡನೇ ಪಾಸ್‌ವರ್ಡ್ ಹಾಕುವ ಹೊತ್ತು ಬಂದಾಗ ಲ್ಯಾಪ್‌ಟಾಪನ್ನು ಮನೆಯವರ ಕಡೆ ದೂಡಿ, ತಾನು ಎದ್ದು ಹೋಗಿ, ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದ. ಕಣ್ಣು ಆಚೆ ಹೊರಳಿಸಿದರೆ ಸಾಲದು, ಪೂರ್ತಿ ಬೆನ್ನು ತಿರುಗಿಸಬೇಕು. ಮೂಲೆಗೆ ನಿಲ್ಲಿಸಿದ ಶಾಲೆಯ ಹುಡುಗನ ಹಾಗೆ. "ಆಯ್ತು" ಎಂದು ಅವರು ಹೇಳುವ ತನಕ ತಿರುಗುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಮನೆಯಲ್ಲಿ ಯಾರೋ ವೈಫೈ ಕದ್ದು ಏನೋ ಹಲ್ಕಾ ಕೆಲಸ ಮಾಡಿದ್ದಕ್ಕೆ, "ಪಾಸ್‌ವರ್ಡ್ ಹಾಕಿದವನು ನೀನೇ ಅಲ್ವಾ?" ಎಂದು ಇವನ ಕುತ್ತಿಗೆ ಪಟ್ಟಿ ಹಿಡಿದಿದ್ದರು. ಅವತ್ತಿನಿಂದ ಈ ವ್ರತ. ಊರಿನ ಯಾರ ಮನೆಯ ಗೋಡೆಯಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಬಣ್ಣ ಎದ್ದಿದೆ ಎಂಬುದು ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಹುಡುಗರು ನಗುತ್ತಿದ್ದರು. ದೊಡ್ಡವರು ನಂಬುತ್ತಿದ್ದರು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವನದೇ ಮನೆಯ ಪಾಸ್‌ವರ್ಡ್ ಒಂದರಿಂದ ಎಂಟರ ತನಕದ ಅಂಕಿಗಳು, ಸಾಲಾಗಿ. ಅದು ಅವನ ಮಗಳಿಗೆ ಮಾತ್ರ ಗೊತ್ತಿತ್ತು. "ಊರಿಗೆಲ್ಲ ಹೇಳ್ತೀನಿ ನೋಡು" ಎಂದು ಅವಳು ಹೆದರಿಸಿದರೆ, "ನಿನ್ನ ಕೈ ಮುಗಿತೀನಿ ಕಣಮ್ಮ" ಎನ್ನುತ್ತಿದ್ದ.

ಒಬ್ಬಳೇ ಮಗಳು. ಆಸ್ಪತ್ರೆಯೊಂದರ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿ ಕೇಳಿ ಟೈಪ್ ಮಾಡಿ ವರದಿ ತಯಾರಿಸುವ ಕೆಲಸ ಅವಳದು. ಡಾಕ್ಟರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಗೊಣಗಿದರೂ ಅವಳಿಗೆ ಅರ್ಥವಾಗುತ್ತಿತ್ತು. ಎರಡು ವರ್ಷದ ಹಿಂದೆ ಅವಳ ಮದುವೆಯಾಯಿತು. ಅಳಿಯ ಪಾರ್ಸೆಲ್ ಕಂಪನಿಯೊಂದರ ಗೋದಾಮಿನ ಮೇಲ್ವಿಚಾರಕ. ಅವನು ಪಟ್ಟಿಯಲ್ಲಿ ಗೆರೆ ಎಳೆಯದೆ ಅಲ್ಲಿ ಒಂದು ಪೆಟ್ಟಿಗೆ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಚೊಕ್ಕ ಮನುಷ್ಯ. ಕುಡಿತ ಇಲ್ಲ, ಇಸ್ಪೀಟಿಲ್ಲ, ಎತ್ತಿದ ದನಿ ಇಲ್ಲ. ಮಾವ ಬಂದರೆ ಎದ್ದು ನಿಂತು ಕುರ್ಚಿ ಕೊಡುತ್ತಿದ್ದ, ಚಹಾ ಕೊಡಿಸುತ್ತಿದ್ದ, ಹೊರಡುವಾಗ ಬಾಗಿಲ ತನಕ ಬರುತ್ತಿದ್ದ. ಅಷ್ಟೇ. ಅದರಾಚೆ ಎರಡು ವರ್ಷದಲ್ಲಿ ಒಂದು ಮಾತಿಲ್ಲ. ಅಳಿಯ ತನ್ನನ್ನು ತಂತಿ ಎಳೆಯುವವನೆಂದು ಕೀಳಾಗಿ ಕಾಣುತ್ತಾನೇನೋ ಎಂದು ಸಿಗ್ನಲ್ಲಪ್ಪನಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅಳಿಯನೇ ಫೋನ್ ಮಾಡಿ, "ಮಾವ, ನಮ್ಮ ವೈಫೈ ಯಾರೋ ಕದೀತಿದಾರೆ ಅನ್ಸತ್ತೆ. ನಿಮ್ಮಷ್ಟು ತಿಳಿದವರು ಯಾರಿದಾರೆ? ಒಂದ್ಸಲ ಬಂದು ಭದ್ರ ಮಾಡಿಕೊಡಿ" ಎಂದಾಗ ಮುದುಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಹೆಂಡತಿ, "ರೂಟರ್ ರಿಪೇರಿಗೋ, ಹೆಣ್ಣು ನೋಡೋಕೋ?" ಎಂದು ಕೇಳಿದಳು.

ಮಗಳ ಮನೆ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಮೊಳ ದಪ್ಪದ ಗೋಡೆಗಳು. ಒಳಗೆ ಸಿಮ್ಮಿನ ಸಿಗ್ನಲ್ ಒಂದು ಕಡ್ಡಿಯೂ ನಿಲ್ಲುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ಸಿಗ್ನಲ್ಲಪ್ಪ, ಫೋನಿನ ಕರೆಗಳೂ ವೈಫೈ ಮೇಲೆಯೇ ಬರುವ ಹಾಗೆ ಮಾಡಿಕೊಟ್ಟಿದ್ದ. ಅಂದರೆ ಆ ಮನೆಗೆ ಮಾತು ಬರುವುದೂ ಹೋಗುವುದೂ ಆ ಒಂದೇ ಡಬ್ಬಿಯಿಂದ.

ಲ್ಯಾಪ್‌ಟಾಪಿನಲ್ಲಿ ರೂಟರಿನ ಸೆಟ್ಟಿಂಗಿನ ಒಳಪುಟ ತೆರೆದು ನೋಡಿದರೆ ಆರು ಸಾಧನಗಳು. ಟೀವಿ, ಗಂಡ ಹೆಂಡತಿಯ ಎರಡು ಫೋನು, ಎರಡು ಲ್ಯಾಪ್‌ಟಾಪು. ಆರನೆಯದು ಯಾರದೋ. "ಪಕ್ಕದ ಮನೆ ಅಕ್ಕನ ಫೋನು," ಎಂದಳು ಮಗಳು, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಅವರ ಮನೆದು ಕೆಟ್ಟಿತ್ತು. ನಾನೇ ಕೊಟ್ಟೆ."

"ಕೊಟ್ಟೆ ಅಂತ ನನಗೆ ಹೇಳಿರಲಿಲ್ಲ," ಎಂದ ಅಳಿಯ ಮೆತ್ತಗೆ.

"ನೋಡಿದ್ರಾ, ಊರಿಗೆಲ್ಲ ಬುದ್ಧಿ ಹೇಳೋ ನನ್ನ ಮನೆ ಹುಡುಗಿನೇ ಹಿಂಗೆ!" ಎಂದು ಸಿಗ್ನಲ್ಲಪ್ಪ ನಕ್ಕ. ಅವನ ನಗುವಿಗೆ ಯಾರೂ ಜೊತೆ ಸೇರಲಿಲ್ಲ. ಅದು ಅವನ ಗಮನಕ್ಕೆ ಬರಲಿಲ್ಲ, ಏಕೆಂದರೆ ಅಳಿಯ ಅಷ್ಟರಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡು, ಕಲಿಯುವ ಹುಡುಗನ ಹಾಗೆ ಕೂತಿದ್ದ. ಪಾಸ್‌ವರ್ಡ್ ಗೊತ್ತಿದ್ದರೂ ಸರಿ, ನಾವು ಬರೆದುಕೊಂಡ ಸಾಧನ ಬಿಟ್ಟು ಬೇರೆಯದು ಸೇರದ ಹಾಗೆ ಮಾಡಬಹುದೇ? ಮಾಡಬಹುದು. ಒಂದೊಂದು ಸಾಧನಕ್ಕೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ಎಂದು ಸಮಯ ಕಟ್ಟಬಹುದೇ? ಧಾರಾಳವಾಗಿ. ಯಾವುದರಲ್ಲಿ ಯಾರು ಎಷ್ಟು ಹೊತ್ತು ಏನು ನೋಡಿದರು, ಎಷ್ಟು ಹೊತ್ತು ಮಾತಾಡಿದರು ಎಂದು ತಿಳಿಯುತ್ತದೆಯೇ? ಇಗೋ, ಇಲ್ಲಿ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದಲ್ಲದೆ, ಕೇಳದ್ದನ್ನೂ ತೋರಿಸಿದ ನಮ್ಮ ಜಾಣ. "ಇದು ನೋಡಿ, ಇದು ಯಾರಿಗೂ ಗೊತ್ತಿಲ್ಲ. ಪಟ್ಟಿಲಿರೋ ಯಾವುದೇ ಫೋನು ಮನೆಗೆ ಬಂದ್ರೆ, ಮನೆ ಬಿಟ್ಟು ಹೋದ್ರೆ, ನೀವೆಲ್ಲೇ ಇದ್ರೂ ನಿಮ್ಮ ಫೋನಿಗೆ ಒಂದು ಗಂಟೆ ಬಾರಿಸತ್ತೆ. ಕಳ್ಳ ಬಂದ್ರೂ ಗೊತ್ತಾಗತ್ತೆ, ನೆಂಟ ಬಂದ್ರೂ ಗೊತ್ತಾಗತ್ತೆ!"

"ಭಲೇ ಮಾವ," ಎಂದ ಅಳಿಯ. "ನಿಮ್ಮ ಫೋನನ್ನೂ ಪಟ್ಟಿಗೆ ಹಾಕೋಣ. ನೀವೇನು ಹೊರಗಿನವರಾ?"

ಆ ಮಾತಿಗೆ ಸಿಗ್ನಲ್ಲಪ್ಪನ ಕಣ್ಣು ಒದ್ದೆಯಾಯಿತೆಂದರೆ ಸುಳ್ಳಲ್ಲ. ಕಡೆಗೆ ಎರಡನೇ ಪಾಸ್‌ವರ್ಡಿನ ಹೊತ್ತು ಬಂತು. ಲ್ಯಾಪ್‌ಟಾಪನ್ನು ಅಳಿಯನ ಕಡೆ ದೂಡಿ, ಎದ್ದು, ಗೋಡೆಗೆ ಮುಖ ಮಾಡಿ ನಿಂತ. ಅಲ್ಲಿ ಮದುವೆಯ ಫೋಟೋ ಇತ್ತು. ಅದರ ಗಾಜಿನಲ್ಲಿ ಹಿಂದಿನ ಕೋಣೆ ಮಸುಕಾಗಿ ಕಾಣುತ್ತಿತ್ತು: ತಲೆ ಬಗ್ಗಿಸಿ ಕೀಲಿ ಒತ್ತುತ್ತಿರುವ ಅಳಿಯ, ಬಾಗಿಲಲ್ಲಿ ಮಗಳು. ಅವಳು ಗಂಡನ ಕಡೆ ನೋಡುತ್ತಿರಲಿಲ್ಲ, ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಅಪ್ಪನ ಮೇಲೆ ಹೆಮ್ಮೆ ಬಂದಿರಬೇಕು ಎಂದುಕೊಂಡ ಪುಣ್ಯಾತ್ಮ. ಇಂಥವನಿಗೆ ಏನನ್ನೋಣ!

ಅದಾದ ಮೇಲೆ ಮಗಳ ಫೋನು ಕಡಿಮೆಯಾಯಿತು. ಮೊದಲು ದಿನಕ್ಕೊಮ್ಮೆ, ಡಾಕ್ಟರು ಏನೋ ತಪ್ಪು ಹೇಳಿದ ಎಂದೋ, ಸಾರು ಉಕ್ಕಿತು ಎಂದೋ, ತಾಯಿಗೆ ಫೋನ್ ಮಾಡಿ ಅರ್ಧ ಗಂಟೆ ಹರಟುತ್ತಿದ್ದವಳು ಈಗ ವಾರಕ್ಕೊಮ್ಮೆ, ಅದೂ ಸಂಜೆ, ಗಂಡ ಪಕ್ಕದಲ್ಲಿದ್ದಾಗ. "ಚೆನ್ನಾಗಿದೀನಿ. ನೀವು? ಸರಿ, ಇಡ್ಲಾ?" ಇಷ್ಟೇ. ನಡುನಡುವೆ ಯಾವಾಗಲೋ ಹಗಲಲ್ಲಿ ಒಂದು ನಿಮಿಷದ ಕರೆ ಬರುತ್ತಿತ್ತು, ಗಾಳಿಯ ಸದ್ದಿನ ಜೊತೆ, ಅರ್ಧಕ್ಕೇ ನಿಲ್ಲುತ್ತಿತ್ತು. ತಿಂಗಳಾದ ಮೇಲೆ ಅವಳು ಆಸ್ಪತ್ರೆಯ ಕೆಲಸ ಬಿಟ್ಟಳೆಂದು ಅಳಿಯನೇ ತಿಳಿಸಿದ. "ಕಣ್ಣಿಗೆ ಶ್ರಮ, ಮಾವ. ಅವಳೇ ಬೇಡ ಅಂದಳು."

"ಕೆಲಸ ಬಿಡೋ ಹುಡುಗಿ ಅಲ್ಲ ಅವಳು," ಎಂದಳು ಹೆಂಡತಿ. ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು: "ಗಂಡ ಹೆಂಡಿರ ವಿಷಯ. ನಮಗ್ಯಾಕೆ?"

ಸಿಗ್ನಲ್ಲಪ್ಪನಿಗೆ ತಡೆಯಲಿಲ್ಲ. ಒಂದು ಬುಧವಾರ, ಹತ್ತಿರದ ಬೀದಿಯಲ್ಲಿ ಕೆಲಸವಿತ್ತೆಂಬ ನೆಪ ಹೂಡಿ, ಹನ್ನೊಂದು ಗಂಟೆಗೆ ಮಗಳ ಮನೆಯ ಮೆಟ್ಟಿಲು ಹತ್ತಿದ. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಅವಳೇ ತೆರೆದಳು. ಅಪ್ಪನನ್ನು ಕಂಡು ಅವಳ ಮುಖ ಅರಳಿತು, ಅರಳಿದ್ದು ಅಷ್ಟೇ ಬೇಗ ಮುದುಡಿತು. "ಫೋನ್ ಆಫ್ ಮಾಡಿದೀಯಾ?" ಎಂದಳು ಮೊದಲ ಮಾತಿಗೆ.

ಯಾಕೆಂದು ಕೇಳುವ ಮೊದಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಳಿಯ.

"ಮಾವ, ಮನೆಗೆ ಬಂದಿದೀರಾ? ತುಂಬ ಸಂತೋಷ. ಚಹಾ ಕುಡಿದು ಹೋಗಿ. ಏನು ವಿಶೇಷ?"

ಇವನ ಫೋನು ಮೆಟ್ಟಿಲಲ್ಲೇ ರೂಟರನ್ನು ಸೇರಿಕೊಂಡಿತ್ತು. ಅಲ್ಲಿ, ಊರಾಚೆಯ ಗೋದಾಮಿನಲ್ಲಿ, ಗಂಟೆ ಬಾರಿಸಿತ್ತು. ನೆಂಟ ಬಂದರೂ ಗೊತ್ತಾಗುತ್ತದೆ ಎಂದು ಹೇಳಿಕೊಟ್ಟವನು ಯಾರು? "ಇಲ್ಲೇ... ಒಂದು ಕೆಲಸ ಇತ್ತು," ಎಂದು ತೊದಲಿ, ಫೋನಿಟ್ಟು, ಕುರ್ಚಿಯಲ್ಲಿ ಕುಸಿದ.

ಮಗಳು ಎದುರು ಕೂತು ಹೇಳಿದಳು. ಲ್ಯಾಪ್‌ಟಾಪಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ನೆಟ್ ಇಲ್ಲ. ಕೆಲಸ ತಾನಾಗೇ ಹೋಯಿತು. ಫೋನು ತೆರೆದೇ ಇದೆ, ಆದರೆ ಯಾವ ಹೊತ್ತಿನಲ್ಲಿ ಎಷ್ಟು ನಿಮಿಷ ಏನು ಮಾಡಿದಳೆಂಬುದು ಸಂಜೆ ಗಂಡನ ಕೈಯಲ್ಲಿರುತ್ತದೆ. ಅಂಗಡಿಗೆ ಹೋದರೆ ಗಂಟೆ, ಬಂದರೆ ಗಂಟೆ. ಫೋನು ಮನೆಯಲ್ಲೇ ಬಿಟ್ಟು ಹೋದರೆ, ಅವನ ಕರೆ ಬಂದಾಗ ಎತ್ತುವವರು ಬೇಕಲ್ಲ.

"ಹೊಡೀತಾನಾ?"

"ಇಲ್ಲಪ್ಪ. ಹೊಡೆದಿದ್ರೆ ಯಾರಿಗಾದ್ರೂ ತೋರಿಸಬಹುದಿತ್ತು. ಕೇಳ್ತಾರೆ, ಅಷ್ಟೇ. ಹನ್ನೊಂದೂಕಾಲಿಗೆ ಎಲ್ಲಿದ್ದೆ, ಯಾಕೆ ಹೋದೆ, ಅಲ್ಲಿ ಯಾರು ಸಿಕ್ಕಿದ್ರು. ಹೇಳಿದ್ರೆ ಮತ್ತೆ ಮೊದಲಿಂದ ಕೇಳ್ತಾರೆ. ಒಂದು ಮಾತು ಜೋರಾಗಿ ಆಡಲ್ಲ. ನಾನು ಸುಸ್ತಾಗಿ, ತಪ್ಪಾಯ್ತು ಅನ್ನೋ ತನಕ ಕೇಳ್ತಾನೇ ಇರ್ತಾರೆ. ಏನು ತಪ್ಪು ಅಂತ ನನಗೂ ಗೊತ್ತಿರಲ್ಲ."

ಸಿಗ್ನಲ್ಲಪ್ಪ ಎದ್ದು ರೂಟರಿನ ಹತ್ತಿರ ಹೋದ. ಅಂಗಿಯ ಜೇಬಿನಿಂದ ಪಿನ್ನು ತೆಗೆದ. ತೂತಿಗೆ ಚುಚ್ಚಿ ಹತ್ತು ಎಣಿಸಿದರೆ ಸಾಕು. ಡಬ್ಬಿ ಹುಟ್ಟಿದಾಗ ಹೇಗಿತ್ತೋ ಹಾಗಾಗುತ್ತದೆ. ಪಟ್ಟಿ, ಸಮಯ, ಗಂಟೆ ಎಲ್ಲ ಅಳಿಸಿಹೋಗುತ್ತದೆ.

"ಬೇಡ," ಎಂದು ಅವಳು ಕೈ ಹಿಡಿದಳು. "ಸಂಜೆ ಬಂದು ಯಾರು ಒತ್ತಿದ್ದು ಅಂತ ಕೇಳ್ತಾರೆ. ಆಮೇಲೆ ಮತ್ತೆ ಹಾಕ್ಕೋತಾರೆ. ನೀನೇ ಕಲಿಸಿದೀಯಲ್ಲ."

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ಅವನದು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಎರಡನೇ ಪಾಸ್‌ವರ್ಡ್ ಏನೆಂದು ಗೊತ್ತಿದ್ದರೆ ಸದ್ದಿಲ್ಲದೆ ಒಳಹೊಕ್ಕು ಗಂಟೆಯೊಂದನ್ನಾದರೂ ನಿಲ್ಲಿಸಬಹುದಿತ್ತು. ಆದರೆ ಅವನು ನೋಡಿರಲಿಲ್ಲ. ಊರಲ್ಲೆಲ್ಲ ಹೊಗಳಿಸಿಕೊಂಡ ಅವನ ಬೆನ್ನು ಅವತ್ತು ಅವನಿಗೇ ಅಡ್ಡ ನಿಂತಿತು.

"ಅವತ್ತು ನಿನ್ನ ಬೆನ್ನನ್ನೇ ನೋಡ್ತಾ ನಿಂತಿದ್ದೆ," ಎಂದಳು ಮಗಳು. "ಒಂದು ಸಲ ತಿರುಗಿ ನನ್ನ ಮುಖ ನೋಡ್ತೀಯಾ ಅಂತ. ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ ಅಪ್ಪ. ನೋಡಿದ್ರೆ ನಿನಗೆ ತಿಳೀತಿತ್ತು."

ಬಾಲ್ಕನಿ ತೋರಿಸುವೆನೆಂದು ಅವಳೇ ಎದ್ದಳು. ಅಡುಗೆಮನೆಯ ಹಿಂದೆ ಬಟ್ಟೆ ಒಣಹಾಕುವ ಎರಡು ಮಾರು ಜಾಗ. ಆ ತುದಿಗೆ ರೂಟರ್ ಎಟುಕುವುದಿಲ್ಲ, ಸಿಮ್ಮಿನ ಒಂದು ಕಡ್ಡಿ ಬರುತ್ತದೆ. ಅಲ್ಲಿ ನಿಂತು ತಾಯಿಯ ಜೊತೆ ಒಂದು ನಿಮಿಷ ಮಾತಾಡುತ್ತಾಳೆ. ಗಂಟೆ ಬಾರಿಸಿ ಗಂಡನ ಕರೆ ಬರುವಷ್ಟರಲ್ಲಿ ಒಳಗೆ ಓಡುತ್ತಾಳೆ. ಬಟ್ಟೆ ಹಾಕುತ್ತಿದ್ದೆ ಎನ್ನುತ್ತಾಳೆ. "ದಿನಾ ಒಗೆಯೋಕೆ ಅಷ್ಟು ಬಟ್ಟೆ ಎಲ್ಲಿಂದ ತರಲಿ?" ಎಂದು ನಗಲು ನೋಡಿದಳು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಆಮೇಲೆ ಕೇಳಿದಳು: "ಏನಂತ ದೂರು ಹೇಳ್ತೀರಿ? ಅಳಿಯ ಪಾಸ್‌ವರ್ಡ್ ಹಾಕ್ದ ಅಂತಾನಾ? ಹಾಕಿಕೊಟ್ಟಿದ್ದು ಯಾರು ಅಂದ್ರೆ?" ಹತ್ತು ದಿನ ಕೆಲಸಕ್ಕೆ ಹೋದ, ಬಂದ. ಯಾರದೋ ಮನೆಯಲ್ಲಿ ರೂಟರ್ ಹಾಕುತ್ತ, "ಸಾಧನಗಳ ಪಟ್ಟಿ ಮಾಡಿಕೊಡಿ" ಎಂದು ಆ ಮನೆಯ ಯಜಮಾನ ಕೇಳಿದಾಗ, ಆ ಮನೆಯ ಹೆಂಗಸು ಎಲ್ಲಿದ್ದಾಳೆಂದು ಕಣ್ಣು ಹುಡುಕಿತು. ಎಷ್ಟು ಮನೆಯಲ್ಲಿ ಹೀಗೆ ಬೇಲಿ ಹಾಕಿ ಬಂದಿದ್ದೇನೋ, ಯಾವ ಬೇಲಿ ಎದ್ದು ಯಾವ ಹೊಲ ಮೇಯುತ್ತಿದೆಯೋ ಎಂದು ಲೆಕ್ಕ ಹಾಕತೊಡಗಿದರೆ ಅನ್ನ ಇಳಿಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಅಳಿಯನ ಕರೆ. "ಮಾವ, ಬಾಲ್ಕನಿಲಿ ಸಿಗ್ನಲ್ ನಿಲ್ತಿಲ್ಲ. ಇವಳ ಫೋನು ಅಲ್ಲಿ ಬಿಟ್ಟು ಹೋಗ್ತಾ ಇರತ್ತೆ. ಅಲ್ಲಿಗೆ ಇನ್ನೊಂದು ಡಬ್ಬಿ ಹಾಕಬಹುದಂತಲ್ಲ? ಭಾನುವಾರ ಬನ್ನಿ."

"ಆಗಲಿ," ಎಂದ ಸಿಗ್ನಲ್ಲಪ್ಪ. ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು. ಯೋಚಿಸುವ ಮೊದಲೇ ಬಾಯಿಂದ ಬಿದ್ದಿತ್ತು. ಆ ಮನೆಯಲ್ಲಿ ಉಳಿದಿದ್ದ ಒಂದೇ ಕಂಡಿ. ಅದನ್ನೂ ಮುಚ್ಚಲು ಅಪ್ಪನೇ ಬರಬೇಕು. ಬರುವುದಿಲ್ಲವೆಂದರೆ ಅಳಿಯ ಬೇರೆ ಯಾರನ್ನೋ ಕರೆಸಿ ಅರ್ಧ ಗಂಟೆಯಲ್ಲಿ ಮುಚ್ಚಿಸುತ್ತಾನೆ. ಅತ್ತ ದರಿ, ಇತ್ತ ಪುಲಿ.

ಭಾನುವಾರ ಹೋದ. ಅಳಿಯ ಎದ್ದು ನಿಂತ, ಕುರ್ಚಿ ಕೊಟ್ಟ, ಚಹಾ ಬಂತು. ಹೊಸ ಡಬ್ಬಿಯನ್ನು ಅವನೇ ತರಿಸಿಟ್ಟಿದ್ದ. ಅದನ್ನು ಹಳೆಯದಕ್ಕೆ ಜೋಡಿಸಬೇಕಾದರೆ ಒಳಪುಟಕ್ಕೆ ಹೋಗಬೇಕು. ಅಳಿಯ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಕೇಳುವ ಪುಟ ಬಂದ ಕೂಡಲೇ ನಗುತ್ತ, "ಮಾವ, ನಿಮ್ಮ ವ್ರತ!" ಎಂದು ಗೋಡೆ ತೋರಿಸಿದ.

ಹನ್ನೆರಡು ವರ್ಷದ ಅಭ್ಯಾಸ. ಕಾಲು ತಾನಾಗೇ ಎದ್ದು ತಿರುಗಿತು. ಎದುರಿಗೆ ಅದೇ ಮದುವೆಯ ಫೋಟೋ, ಅದೇ ಗಾಜು, ಗಾಜಿನಲ್ಲಿ ಅಡುಗೆಮನೆಯ ಬಾಗಿಲು. ಮಗಳು ಅಲ್ಲೇ ನಿಂತಿದ್ದಳು. ಈ ಸಲ ಅವಳು ಅವನ ಬೆನ್ನನ್ನೂ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಸಿಗ್ನಲ್ಲಪ್ಪ ತಿರುಗಿದ. ಅಳಿಯನ ಕಡೆಗಲ್ಲ, ಮಗಳ ಕಡೆಗೆ. ಅವಳ ಮುಖವನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಅವಳು ಹುಟ್ಟಿದ ದಿನ ಬಿಟ್ಟರೆ ಅವತ್ತೇ ಇರಬೇಕು. ಕಣ್ಣಿನ ಕೆಳಗೆ ಕಪ್ಪು. ಕುತ್ತಿಗೆಯ ಮೂಳೆ ಎದ್ದಿದೆ. ತಿಳಿಯಲು ಅಷ್ಟು ಸಾಕಿತ್ತು, ಮೊದಲೂ ಅಷ್ಟೇ ಸಾಕಿತ್ತು.

"ಮಾವ, ಪಾಸ್‌ವರ್ಡ್ ಹಾಕ್ಬೇಕು," ಎಂದ ಅಳಿಯ, ಬೆರಳು ಕೀಲಿಯ ಮೇಲಿಟ್ಟು.

"ಹಾಕೋದು ಬೇಡ. ನಾನು ಡಬ್ಬಿ ಹಾಕೋಕೆ ಬಂದಿಲ್ಲ." ಧೈರ್ಯಶಾಲಿ ಎಂದು ನಾನು ಹೇಳುವುದಿಲ್ಲ, ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ನಾನು ಹಾಕಿಕೊಟ್ಟಿದ್ದು ಕಳ್ಳರಿಗೆ. ನನ್ನ ಮಗಳಿಗಲ್ಲ."

ಅಳಿಯ ಲ್ಯಾಪ್‌ಟಾಪಿನಿಂದ ಕೈ ತೆಗೆದ. ಸಿಟ್ಟಾಗಲಿಲ್ಲ. "ನಾನು ಏನು ಕಡಿಮೆ ಮಾಡಿದೀನಿ, ಅವಳೇ ಹೇಳಲಿ. ಒಂದು ಏಟು ಹೊಡೆದಿದೀನಾ? ಒಂದು ಮಾತು ಜೋರಾಗಿ ಆಡಿದೀನಾ? ನನ್ನ ಮನೆ ಭದ್ರವಾಗಿರಲಿ ಅಂತ ನೋಡಿಕೊಂಡ್ರೆ ತಪ್ಪಾ, ಮಾವ? ನೀವೇ ತಾನೆ ಹೇಳಿದ್ದು, ಯಾರ ಕೈಲಿದ್ಯೋ ಅವನೇ ಯಜಮಾನ ಅಂತ?"

ಸಿಗ್ನಲ್ಲಪ್ಪನ ಮಾತೇ ಅವನಿಗೆ ತಿರುಗಿ ಬಂದು ಬಡಿಯಿತು. ವಾದದಲ್ಲಿ ಅವನು ಗೆಲ್ಲುವ ಹಾಗಿರಲಿಲ್ಲ. ಅವನು ಗೆಲ್ಲಲು ನೋಡಲೂ ಇಲ್ಲ. ಮಗಳನ್ನು ಕೇಳಿದ: "ಬರ್ತೀಯೇನಮ್ಮ?"

ಲ್ಯಾಪ್‌ಟಾಪಿನ ಪರದೆ ತಾನಾಗೇ ಮಂಕಾಯಿತು. ಮೂವರೂ ಅದನ್ನೇ ನೋಡಿದರು, ಬೇರೆ ಎಲ್ಲಿ ನೋಡುವುದೆಂದು ತಿಳಿಯದೆ. ಆಮೇಲೆ ಅವಳು ಒಳಗೆ ಹೋದಳು. ಹೋದವಳು ಬರುವುದಿಲ್ಲವೆಂದೇ ಸಿಗ್ನಲ್ಲಪ್ಪ ಅಂದುಕೊಂಡ. ಅಳಿಯನೂ ಹಾಗೇ ಅಂದುಕೊಂಡಿರಬೇಕು, ಏಕೆಂದರೆ ಚಹಾದ ಲೋಟ ಎತ್ತಿಕೊಂಡ.

ಅವಳು ಬಂದಳು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕೊರಳಲ್ಲಿ ಹಳೆಯ ಹೆಡ್‌ಫೋನ್. ಕೈಯಲ್ಲಿದ್ದ ಫೋನನ್ನು ರೂಟರಿನ ಪಕ್ಕದಲ್ಲಿ ಇಟ್ಟಳು.

"ಫೋನ್ ತಗೋ," ಎಂದ ಅಪ್ಪ.

"ಬೇಡ, ಅದು ಮನೇಲೇ ಇರಲಿ. ಅದು ಮನೇಲಿದ್ರೆ ಇವರಿಗೆ ಸಮಾಧಾನ."

ಅಳಿಯ ಬಾಗಿಲ ತನಕ ಬಂದ, ಎಂದಿನಂತೆ. "ಎಷ್ಟು ಹೊತ್ತಿಗೆ ಬರ್ತೀಯ?" ಎಂದು ಕೇಳಿದ. ಅವಳು ಮೆಟ್ಟಿಲು ಇಳಿಯತೊಡಗಿದ್ದಳು. ಎರಡನೇ ಮಹಡಿಯ ತಿರುವಿನಲ್ಲಿ ಸಿಗ್ನಲ್ಲಪ್ಪನ ಫೋನು ವೈಫೈ ಕಳೆದುಕೊಂಡಿತು. ಮೇಲೆ, ಇನ್ನೂ ತೆರೆದಿದ್ದ ಬಾಗಿಲಲ್ಲಿ, ಅಳಿಯನ ಫೋನಿನ ಗಂಟೆ ಬಾರಿಸಿತು. ಒಂದೇ ಸಲ. ಮಗಳು ಗಕ್ಕನೆ ನಿಂತಳು. ಇನ್ನೊಂದು ಗಂಟೆಗೆ ಕಾಯುವವಳ ಹಾಗೆ ಕಿವಿ ಕೊಟ್ಟಳು. ಅದು ಬಾರಿಸಲಿಲ್ಲ. ಅಪ್ಪ ಅವಳ ರಟ್ಟೆ ಹಿಡಿದು ಕೆಳಗೆ ಇಳಿಸಿದ.

ಬಾಗಿಲು ತೆರೆದ ತಾಯಿ ಮಗಳ ಹೆಗಲ ಚೀಲ ನೋಡಿದಳು. ಏನೋ ಗಾದೆ ಅವಳ ತುಟಿ ತನಕ ಬಂದಿತ್ತು. ನುಂಗಿಕೊಂಡು, "ಕೈಕಾಲು ತೊಳ್ಕೋ, ಬಡಿಸ್ತೀನಿ," ಎಂದಳು.

ಮಾರನೆಯ ಬೆಳಿಗ್ಗೆ ಮಗಳು ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದಳು. ಆಸ್ಪತ್ರೆಗೆ ಬರೆದು ಕೇಳಬೇಕಿತ್ತು, ಕೆಲಸ ಇನ್ನೂ ಇದೆಯೇ ಎಂದು. "ಪಾಸ್‌ವರ್ಡ್ ಅದೇನಾ?" ಎಂದಳು.

"ಅದೇ," ಎಂದ ಸಿಗ್ನಲ್ಲಪ್ಪ, ತಲೆ ತಗ್ಗಿಸಿ. "ಒಂದರಿಂದ ಎಂಟು."

ಅವಳು ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು. ಒಳಗಿದ್ದ ತಾಯಿ ಸೌಟು ಹಿಡಿದೇ ಹೊರಗೆ ಬಂದಳು. ಸಿಗ್ನಲ್ಲಪ್ಪ ಎದ್ದು, ಕನ್ನಡಕ ಏರಿಸಿ, ತನ್ನ ಮನೆಯ ರೂಟರಿನ ಒಳಪುಟವನ್ನು ವರ್ಷಗಳ ಮೇಲೆ ತೆರೆದ. ಬಾಗಿಲಿನ ಕೀಲಿ ಬದಲಿಸುವ ಜಾಗ ತೋರಿಸಿದ, ಅಂಗಡಿಯ ಕೀಲಿಯ ಜಾಗ ತೋರಿಸಿದ. "ಎರಡೂ ನೀನೇ ಹಾಕು. ನಮಗೆ ಹೇಳಬೇಕಾ ಬೇಡ್ವಾ ಅನ್ನೋದು ನಿನಗೆ ಬಿಟ್ಟಿದ್ದು." ಲ್ಯಾಪ್‌ಟಾಪನ್ನು ಅವಳ ಕಡೆ ದೂಡಿ, ಗೋಡೆಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತ.

ಊರಿನ ಗೋಡೆಗಳನ್ನೆಲ್ಲ ಬಲ್ಲವನು ತನ್ನ ಮನೆಯ ಗೋಡೆಯನ್ನು ನೋಡಿಯೇ ಇರಲಿಲ್ಲ. ಕೇಬಲ್ಲಿಗೆಂದು ತಾನೇ ಎಂದೋ ಕೊರೆದ ತೂತು ಹಾಗೇ ಬಾಯಿ ತೆರೆದುಕೊಂಡಿತ್ತು, ಸಿಮೆಂಟು ಮೆತ್ತುವುದು ಮರೆತಿತ್ತು. ಬೆನ್ನ ಹಿಂದೆ ಕೀಲಿಯ ಸದ್ದು ಕೇಳಲಿಲ್ಲ. ಕಾದ. ಇನ್ನೂ ಕೇಳಲಿಲ್ಲ.

"ಆಯ್ತೇನಮ್ಮ?"

"ಇಲ್ಲಪ್ಪ."

ಮತ್ತೆ ಅವಳೇ ಮಾತಾಡಿದಳು, ಮೂರನೇ ಮಹಡಿಯ ಆ ಮನೆಯಲ್ಲಿ ಮಾತಾಡುತ್ತಿದ್ದಷ್ಟೇ ಸಣ್ಣ ದನಿಯಲ್ಲಿ. "ಏನು ಹಾಕಬೇಕೋ ಗೊತ್ತಾಗ್ತಿಲ್ಲ. ಏನು ಹಾಕಿದ್ರೂ ಅವರಿಗೆ ಗೊತ್ತಾಗಿಬಿಡತ್ತೆ ಅನ್ಸತ್ತೆ."

ತಿರುಗಿ ಅವಳ ತಲೆ ನೇವರಿಸಬೇಕೆಂದು ಸಿಗ್ನಲ್ಲಪ್ಪನ ಜೀವ ಹೊಡೆದುಕೊಂಡಿತು. ಆದರೆ ಅವಳು "ಆಯ್ತು" ಎಂದಿರಲಿಲ್ಲ.

"ಆತುರ ಇಲ್ಲ, ನಿಧಾನವಾಗಿ ಯೋಚನೆ ಮಾಡು," ಎಂದ ಗೋಡೆಗೆ. "ನಾನು ಇಲ್ಲೇ ನಿಂತಿರ್ತೀನಿ."